ಕೊಡಿಮರ ಬಂದದ್ದು, ನನ್ನ ಪೇಪರು ಹೋದದ್ದು

ಒಂದು ವರದಿಗಾಗಿ ನಾನು ತೆತ್ತದ್ದು ಇಷ್ಟು: ಬೈಕಿನ ಮುಂದೆ ಅಂಟಿಸಿದ್ದ ‘ಪ್ರೆಸ್’ ಸ್ಟಿಕ್ಕರು, ಯಾವ ಸಭೆಗೆ ಹೋದರೂ ಎದುರು ಸಾಲಿನಲ್ಲಿ ಸಿಗುತ್ತಿದ್ದ ಕುರ್ಚಿ, ತಾಲೂಕು ಕಚೇರಿಯಲ್ಲಿ ಸಾಲು ನಿಲ್ಲದೆ ಒಳಗೆ ಹೋಗುವ ಸೌಕರ್ಯ, ಮತ್ತು ಇನ್ನೇನು ಕೈಗೆ ಬಂತು ಎನ್ನುವಾಗ ತಪ್ಪಿಹೋದ, ನನ್ನ ಹೆಸರೂ ಫೋಟೋವೂ ಇರುವ ಒಂದು ವಾರದ ಅಂಕಣ. ಕಾರಣ ಹೇಳಲು ಒಂದು ಸಾಲು ಸಾಕು. ಆ ವರದಿಯಲ್ಲಿ ನಾನು ಯಾರ ಹೆಸರನ್ನೂ ಬರೆಯಲಿಲ್ಲ.

ನಾನು ವ್ಯಾಪಾರದವನು. ಹಳೆ ಮನೆ ಕೆಡವಿದಲ್ಲಿಂದ ಮರ ಕೊಂಡು ಮಾರುವುದು ಪಾಣೆಮಂಗಳೂರಿನಲ್ಲಿ ನನ್ನ ಕಸುಬು. ಬಾಗಿಲು, ಅದರ ದಾರಂದ, ಕಂಬ, ಮಾಡಿನ ಪಕ್ಕಾಸು, ಯಾವುದು ಯಾವ ಮರದ್ದು, ಎಷ್ಟಕ್ಕೆ ಕೇಳಬೇಕು, ಎಷ್ಟಕ್ಕೆ ಬಿಡಬೇಕು ಎಂದು ರಸ್ತೆಯಲ್ಲಿ ನಿಂತೇ ಹೇಳಬಲ್ಲೆ. ಅಪ್ಪನಿಂದ ಬಂದದ್ದಲ್ಲ ಇದು. ಬೇರೆಯವರ ಲಾರಿಗೆ ಮರ ತುಂಬಿಸಲು ಹೋಗಿ, ನೋಡಿ ಕಲಿತು, ಒಂದು ಮುರುಕು ಬಾಗಿಲಿನಿಂದ ಶುರು ಮಾಡಿದ ಅಂಗಡಿ. ಕೊಟ್ಟದ್ದಕ್ಕೆ ಸರಿಯಾಗಿ ಸಿಗದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಒಂದು ವ್ಯವಹಾರದಲ್ಲಿ ಮಾತ್ರ ನನಗೆ ಲಾಭವಾಯಿತೋ ನಷ್ಟವಾಯಿತೋ ಎಂದು ಇವತ್ತಿಗೂ ಹೇಳಲು ಬರುವುದಿಲ್ಲ.

ಕಳೆದ ವಾರ ತೋಡಾರಿನ ಕಡೆ ಒಂದು ಹಳೆ ಬಾಗಿಲು ನೋಡಲು ಹೋಗಿದ್ದೆ. ಮನೆಯವರು ಹೇಳಿದ ರೇಟಿಗೆ ಸ್ವಲ್ಪ ಚೌಕಾಸಿ ಮಾಡಿ ಎದ್ದು ಬಂದೆ, ಎರಡು ದಿನ ಬಿಟ್ಟು ಅವರೇ ಫೋನು ಮಾಡುತ್ತಾರೆಂದು ಗೊತ್ತಿತ್ತು. ಹಿಂದೆ ಬರುವಾಗ ಒಳರಸ್ತೆಯ ಆ ದೇವಸ್ಥಾನದ ಮುಂದೆ ಬೈಕು ತನ್ನಷ್ಟಕ್ಕೆ ನಿಂತ ಹಾಗಾಯಿತು. ಅಂಗಳ ಗುಡಿಸಿ, ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದರು. ಎಳ್ಳೆಣ್ಣೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲ ಭುಜ ಜುಮ್ ಎಂದಿತು. ಎದುರಿಗೆ ತಾಮ್ರದ ಹೊದಿಕೆ ಹೊದ್ದ ಕೊಡಿಮರ, ತುದಿ ನೋಡಬೇಕಾದರೆ ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಆ ತಾಮ್ರದ ಒಳಗೆ ಇರುವ ಮರ ನನಗೆ ಗೊತ್ತು. ಅದನ್ನು ನಾನು ಹಿಂದೆ ಚರ್ಚೆ ಮಾಡಿ, ನಮ್ಮ ಕಡೆ ಚೌಕಾಸಿಗೆ ಹಾಗೇ ಹೇಳುವುದು, ಕೊಳ್ಳಲು ನೋಡಿದ್ದೆ.

ಮೊದಲು ಪೇಪರಿನ ವಿಷಯ ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆ ಮಾತ್ರ ಓಡುವ ಪುಟ್ಟ ಪತ್ರಿಕೆ ಅದು. ಸಂಪಾದಕರು ಶ್ರೀಪತಿ ರಾಯರು. ಒಂದು ಹಳೆ ಮೇಜು ಹುಡುಕಿಕೊಂಡು ನನ್ನ ಅಂಗಡಿಗೆ ಬಂದಿದ್ದರು. ಅರ್ಧ ಬೆಳಗು ಚರ್ಚೆಯಾಯಿತು. ಕೊನೆಗೆ ಅವರಿಗೇ ನಗೆ ಬಂತು.

‘ಇಷ್ಟು ಮಾತಾಡ್ತೀರಿ, ಬರೀಲಿಕ್ಕೂ ಬರ್ತದಾ ನಿಮಗೆ?’

‘ಮೇಜಿಗೆ ನಾನು ಹೇಳಿದ ರೇಟು ಕೊಡಿ ರಾಯರೆ, ಬರೀತೇನೆ.’

ಕೊಟ್ಟರು. ಹಾಗೆ ನಾನು ಬಾತ್ಮೀದಾರನಾದೆ. ಸಂಬಳವಿಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಮರ ನೋಡಲು ಹೇಗೂ ಊರೂರು ಸುತ್ತುತ್ತೇನೆ, ದಾರಿಯಲ್ಲಿ ಸಿಕ್ಕ ಕಾರ್ಯಕ್ರಮ ಮುಗಿಸಿ ವಾಟ್ಸಾಪಿನಲ್ಲಿ ಕಳಿಸಿದರಾಯಿತು.

ನಮ್ಮ ಕಡೆ ವರದಿ ಎಂದರೆ ಏನು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಸುದ್ದಿ ಮೇಲಿನ ಎರಡು ಸಾಲಿನಲ್ಲಿ ಮುಗಿಯುತ್ತದೆ. ಉಳಿದದ್ದು ಹೆಸರು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿ, ಗೌರವ ಉಪಸ್ಥಿತಿ, ಸಮಿತಿಯ ಪದಾಧಿಕಾರಿಗಳು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಅದರಲ್ಲೂ ಯಾರ ಹೆಸರು ಯಾರ ಮೇಲೆ ಎಂಬುದು ದೊಡ್ಡ ವಿದ್ಯೆ. ಒಂದು ಯುವಕ ಮಂಡಲದ ಉಪಾಧ್ಯಕ್ಷರ ಹೆಸರು ಜತೆ ಕಾರ್ಯದರ್ಶಿಯ ಕೆಳಗೆ ಬಂದಾಗ ಎರಡು ಮನೆಯವರು ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ರಾಯರು ಮೊದಲ ದಿನವೇ ಪಾಠ ಹೇಳಿದ್ದರು: ‘ಹೆಸರು ಬಂದವರ ಮನೆಗೆ ಪೇಪರ್ ಹೋಗ್ತದೆ, ಅವರ ಹೆಂಡತಿಯ ತವರಿಗೂ ಹೋಗ್ತದೆ. ಸುದ್ದಿ ಬಿಟ್ರೂ ಹೆಸರು ಬಿಡ್ಬೇಡಿ.’

ಆ ವಿದ್ಯೆ ನನಗೆ ಬೇಗ ಒಲಿಯಿತು. ಮನುಷ್ಯರನ್ನು ಬೆಲೆಯ ಪ್ರಕಾರ ಜೋಡಿಸುವುದು ದಾರಂದ ಜೋಡಿಸಿದಷ್ಟೇ ಸುಲಭ. ವೇದಿಕೆಯ ಕುರ್ಚಿಗಳನ್ನು ನೋಡಿಯೇ ಪಟ್ಟಿ ಬರೆದು ಮುಗಿಸುತ್ತಿದ್ದೆ. ಊರಿನಲ್ಲಿ ಬೈಕು ನಿಲ್ಲಿಸಿದರೆ ‘ಪೇಪರ್‌ದಾರ್ ಬತ್ತೆರ್’, ಪೇಪರಿನವರು ಬಂದರು, ಎಂದು ಮಕ್ಕಳು ಒಳಗೆ ಓಡುತ್ತಿದ್ದರು, ಹಿಂದೆಯೇ ಶರಬತ್ತು ಬರುತ್ತಿತ್ತು.

ಮನೆಯಲ್ಲಿ ಮಾತ್ರ ಮರ್ಯಾದೆ ಇರಲಿಲ್ಲ. ನನ್ನ ಹೆಂಡತಿ ಜಯಂತಿ ಪೇಪರನ್ನು ಹಿಂದೆ ಮುಂದೆ ಮಗುಚಿ ಕೇಳುತ್ತಿದ್ದಳು, ‘ಊರವರದ್ದೆಲ್ಲ ಹೆಸರುಂಟು. ನಿಮ್ಮದು ಎಲ್ಲಿ? ಅವುಗಳ ಅಡಿಗೆ ಬಿದ್ದು ಒತ್ತಿಹೋಗಿದೆಯಾ?’

ಅವಳು ತಮಾಷೆಗೆ ಹೇಳಿದ್ದು. ನನಗೆ ಚುಚ್ಚಿತು. ಸಾವಿರ ಹೆಸರು ಬರೆದ ನನ್ನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ವರದಿಯ ಮೇಲೆ ‘ನಮ್ಮ ಬಾತ್ಮೀದಾರರಿಂದ’ ಎಂದು ಮಾತ್ರ. ಹಾಗಾಗಿ ರಾಯರ ಹಿಂದೆ ಬಿದ್ದೆ. ಹಳೆ ಮನೆಗಳ ಮರದ ಬಗ್ಗೆ, ಆ ಬಾಗಿಲುಗಳ ಹಿಂದೆ ಇದ್ದ ಜನರ ಬಗ್ಗೆ ವಾರಕ್ಕೊಂದು ಅಂಕಣ ಬರೆಯುತ್ತೇನೆ, ‘ಹಳೆ ಬಾಗಿಲು’ ಎಂದು ಹೆಸರಿಡುವ, ಮೇಲೆ ನನ್ನ ಫೋಟೋ ಹಾಕಿ ಎಂದೆ. ಒಂದು ವರ್ಷ ಎಳೆದರು. ಮರುವರ್ಷದ ಬೇಸಿಗೆಯಲ್ಲಿ ಒಪ್ಪಿದರು, ಆದರೆ ಅವರೂ ವ್ಯಾಪಾರ ಕಲಿತಿದ್ದರು.

‘ಮಳೆ ಶುರುವಾದ್ರೆ ಕಾರ್ಯಕ್ರಮ ಇಲ್ಲ, ಪುಟ ಖಾಲಿ ಇರ್ತದೆ. ಆಗ ನಿಮ್ಮ ಅಂಕಣ ಶುರು ಮಾಡುವ. ಅದಕ್ಕಿಂತ ಮೊದಲು ಆ ಕೊಡಿಮರದ ಪುರವಣಿ ನಮಗೆ ಬರುವ ಹಾಗೆ ನೋಡಿ.’

ಮೂಡುಬಿದಿರೆ ಕಡೆಯ ಆ ದೇವಸ್ಥಾನ ಜೀರ್ಣೋದ್ಧಾರವಾಗುತ್ತಿತ್ತು. ಗುಡಿಯ ಎದುರು ಧ್ವಜ ಏರಿಸುವ ಕಂಬಕ್ಕೆ, ಅಂದರೆ ಕೊಡಿಮರಕ್ಕೆ, ಎಲ್ಲೂ ಸೊಟ್ಟವಿಲ್ಲದ, ಪೊಟರೆಯಿಲ್ಲದ ಒಂದೇ ಮರ ಬೇಕು. ಅದು ಸಿಕ್ಕಿದ ಸುದ್ದಿ, ತರುವ ಮೆರವಣಿಗೆ, ಎಣ್ಣೆಯಲ್ಲಿ ಮಲಗಿಸುವುದು, ನಿಲ್ಲಿಸುವುದು, ಒಂದೊಂದಕ್ಕೂ ವರದಿ. ಕೊನೆಗೆ ಶುಭಾಶಯದ ಜಾಹೀರಾತು ತುಂಬಿದ ವಿಶೇಷ ಪುರವಣಿ. ಸಣ್ಣ ಪೇಪರಿಗೆ ಅಂಥದ್ದೊಂದು ಸಿಕ್ಕರೆ ವರ್ಷದ ಉಸಿರು ಬಂದಂತೆ. ಜಾಹೀರಾತು ಒಟ್ಟು ಮಾಡುವವರು ಪ್ರಚಾರ ಸಮಿತಿಯ ಸಂಚಾಲಕ ಭಾಸ್ಕರಣ್ಣ, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು. ಅವರನ್ನು ನಾಲ್ಕು ಸಲ ಕಂಡು, ಎರಡು ಸಲ ಅವರ ಮನೆಯ ಹಲಸಿನಹಣ್ಣು ಹೊಗಳಿ, ಒಪ್ಪಿಸಿದೆ. ಪುರವಣಿ ನಮಗೆ, ಅಂಕಣ ನನಗೆ. ನನಗೂ ಅಂಕಣಕ್ಕೂ ನಡುವೆ ಇದ್ದದ್ದು ಒಂದು ಮರ ಮಾತ್ರ.

ಅದು ಯಾವ ಮರ ಎಂದು ಕೇಳಿದಾಗ ನನಗೆ ನಂಬಲಾಗಲಿಲ್ಲ. ಬೆಳ್ತಂಗಡಿಯಿಂದ ಘಟ್ಟದ ಕಡೆಗೆ ಹೋಗುವಾಗ ಒಂದು ತಗ್ಗಿನಲ್ಲಿ ಕಮಲಕ್ಕನ ಜಾಗವುಂಟು. ಮದುವೆಯಾಗದೆ, ಆ ಜಾಗವನ್ನು ಒಬ್ಬರೇ ನೋಡಿಕೊಂಡು, ರಬ್ಬರು ಹಾಕಿ ಮೇಲೆ ಬಂದವರು. ಅವರ ಜಾಗದ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯ ತೇಗವನ್ನು ಕೇಳಲು ನಾನು ಮೂರು ಬಾರಿ ಹೋಗಿದ್ದೆ. ಬುಡದಿಂದ ತುದಿಯವರೆಗೆ ಹಿಡಿದ ನೂಲಿನ ಹಾಗೆ ನೆಟ್ಟಗೆ. ಆಸೆ ತೋರಿಸಿದೆ, ಹೆದರಿಸಿಯೂ ನೋಡಿದೆ, ಸಿಡಿಲು ಬಡಿದರೆ ಸೌದೆಗೂ ಆಗುವುದಿಲ್ಲ ಎಂದೆ. ಅವರು ತುಳುವಿನಲ್ಲಿ ಹೇಳಿದ್ದು ಒಂದೇ ಮಾತು, ‘ಏತ್ ಪನ್ಪರ್?’ ಎಷ್ಟು ಹೇಳ್ತೀರಿ ಎಂದು. ನಾನು ಹೇಳಿದ ಮೇಲೆ, ‘ಹೌದಾ’ ಎಂದು ಚಹಾ ತರಲು ಒಳಗೆ ಹೋಗುವುದು. ಮೂರು ಸಲವೂ ಹಾಗೆಯೇ. ಅಷ್ಟು ಒಳ್ಳೆಯ ಚರ್ಚೆಗಾರರನ್ನು ನಾನು ಮತ್ತೆ ಕಂಡಿಲ್ಲ.

ಆ ಮರವನ್ನು, ದೇವಸ್ಥಾನದವರು ಕೇಳಿದ ದಿನವೇ, ಕಮಲಕ್ಕ ಸುಮ್ಮನೆ ಕೊಟ್ಟುಬಿಟ್ಟಿದ್ದರು.

ಕಡಿಯುವ ದಿನ ಬೆಳಿಗ್ಗೆ ಭಾಸ್ಕರಣ್ಣ ನನ್ನ ಫೋನಿಗೆ ಹೆಸರಿನ ಪಟ್ಟಿ ಕಳಿಸಿದ್ದರು, ಮೇಲಿಂದ ಕೆಳಗೆ, ಯಾರ ನಂತರ ಯಾರು ಎಂದು. ಅದೇ ಪಟ್ಟಿ ರಾಯರಿಗೂ ಹೋಗಿತ್ತು. ಬೇಶ ತಿಂಗಳ, ಅಂದರೆ ನಡು ಬೇಸಿಗೆಯ, ಸೆಕೆ. ಘಟ್ಟದ ಮೇಲೆ ಮೋಡ ಕಪ್ಪುಗಟ್ಟಿತ್ತು. ತಗ್ಗಿನಲ್ಲಿ ಜನವೋ ಜನ. ತಂತ್ರಿಗಳು ಬುಡಕ್ಕೆ ಪೂಜೆ ಮಾಡಿ, ಈ ಮರದಲ್ಲಿ ವಾಸವಾಗಿರುವ ಹಕ್ಕಿ, ಹುಳು, ಕಣ್ಣಿಗೆ ಕಾಣುವ ಕಾಣದ ಜೀವಗಳೆಲ್ಲ ದಯವಿಟ್ಟು ಬೇರೆ ಕಡೆಗೆ ಹೋಗಬೇಕು ಎಂದು ಕೈಮುಗಿದು ಕೇಳಿಕೊಂಡರು. ಯಾರೋ ಬಾಡಿಗೆಯವರಿಗೆ ಸಮಯ ಕೊಟ್ಟ ಹಾಗೆ ನಾವೆಲ್ಲ ಕಾದೆವು. ಜೀವಮಾನವಿಡೀ ಮರದ ವ್ಯಾಪಾರ ಮಾಡಿದ ನನಗೆ, ಮರವೆಂದರೆ ಯಾರದ್ದೋ ಮನೆ ಎಂಬುದು ಅಲ್ಲಿಯವರೆಗೆ ತಲೆಗೆ ಹೋಗಿರಲಿಲ್ಲ.

ಕಡಿದ ಮೇಲೆ ಮರ ನೆಲ ಮುಟ್ಟಬಾರದು. ಸುತ್ತಲಿನ ಮರಗಳಿಗೆ ಹಗ್ಗ ಹಾಕಿ ಬಿಗಿದು, ಕೆಳಗೆ ಬಾಳೆದಿಂಡು, ಸೊಪ್ಪು ಹಾಸಿ ಹಾಸಿಗೆ ಮಾಡಿದ್ದರು. ಗರಗಸ ನಿಂತಿತು. ಮರ ಬೀಳುವ ಮೊದಲು ಒಂದು ಕ್ಷಣ ಇನ್ನಷ್ಟು ಎತ್ತರವಾದ ಹಾಗೆ ಕಂಡಿತು. ಮತ್ತೆ ಹಗ್ಗಗಳು ಕಿರುಗುಟ್ಟಿ, ಸಾವಕಾಶವಾಗಿ, ವಯಸ್ಸಾದವರು ಮಂಚಕ್ಕೆ ಒರಗುವ ಹಾಗೆ ಮಲಗಿತು. ಅದು ಇದ್ದ ಜಾಗದಲ್ಲಿ ಆಕಾಶದ ದೊಡ್ಡ ತುಂಡು ತೆರೆದು, ಅದುವರೆಗೆ ನೆರಳು ಬಿಟ್ಟು ಬೇರೆ ಕಾಣದ ಕೆಸುವಿನ ಎಲೆಗಳ ಮೇಲೆ ಬಿಸಿಲು ಬಿತ್ತು. ಕಮಲಕ್ಕ ಸೆರಗಿನಿಂದ ಮುಖ ಒರಸಿಕೊಂಡರು. ಸೆಕೆಗೋ ಏನೋ.

ಗೆಲ್ಲು ಕಡಿದು, ಸಿಪ್ಪೆ ಸವರಿ, ಇನ್ನು ತಗ್ಗಿನಿಂದ ಮೇಲಿನ ರಸ್ತೆಗೆ ಹೊತ್ತು ತರಬೇಕು. ಕ್ರೇನು ಇಳಿಯುವ ಜಾಗವಲ್ಲ. ಮರದ ಅಡಿಗೆ ಅಡ್ಡ ಬಡಿಗೆಗಳನ್ನು ಹಗ್ಗದಿಂದ ಕಟ್ಟಿ, ಎರಡೂ ಬದಿಯಲ್ಲಿ ಜನ ಭುಜ ಕೊಡಬೇಕು. ಇಲ್ಲಿ ಬಂದರು ಸಂಜೀವ ಮಾಸ್ಟ್ರು. ನಿವೃತ್ತ ಪಿ.ಟಿ. ಮಾಸ್ಟ್ರು, ಕೊರಳಲ್ಲಿ ಹಳೆಯ ಸೀಟಿ. ಆ ಸುತ್ತಿನಲ್ಲಿ ಅವರ ಕೈಯಲ್ಲಿ ಓಟ ಕಲಿಯದವರು ಕಡಿಮೆ.

ಎದುರಿನ ಬಡಿಗೆಯ ಹತ್ತಿರ ಗಣ್ಯರು ಒಬ್ಬೊಬ್ಬರಾಗಿ ನಿಲ್ಲತೊಡಗಿದರು, ಭಾಸ್ಕರಣ್ಣನ ಪಟ್ಟಿಯಲ್ಲಿ ಇದ್ದ ಅದೇ ಕ್ರಮದಲ್ಲಿ. ನನಗೆ ಅನುಕೂಲವಾಯಿತು, ಫೋಟೋಕ್ಕೂ ವರದಿಗೂ ಒಂದೇ ಸಾಲು. ಸಂಜೀವ ಮಾಸ್ಟ್ರು ಸೀಟಿ ಊದಿದರು.

‘ಇದೆಂತ, ಸ್ಟೇಜಾ? ಒಂದು ಬಡಿಗೆಗೆ ಒಂದೇ ಎತ್ತರದವರು. ಇಲ್ದಿದ್ರೆ ಉದ್ದದವನ ಭುಜ ಹೋಗ್ತದೆ, ಗಿಡ್ಡದವ ಗಾಳಿ ಹೊರ್ತಾನೆ. ಎಲ್ಲರೂ ಅಸೆಂಬ್ಲಿಗೆ ನಿಂತ ಹಾಗೆ ನಿಲ್ಲಿ.’

‘ಮಾಸ್ಟ್ರೆ, ಅಧ್ಯಕ್ಷರು ಎದುರಿಗೆ ಬೇಕಲ್ಲ’ ಎಂದರು ಭಾಸ್ಕರಣ್ಣ.

‘ಮರಕ್ಕೆ ಅಧ್ಯಕ್ಷರು ಯಾರು ಅಂತ ಗೊತ್ತಿಲ್ಲ ಭಾಸ್ಕರ. ಏಳನೇ ಕ್ಲಾಸಿನಲ್ಲಿ ನೀನು ಯಾವ ತುದಿಯಲ್ಲಿ ನಿಲ್ತಿದ್ದಿ? ಹೋಗು, ಅಲ್ಲೇ ಹೋಗು.’

ಭಾಸ್ಕರಣ್ಣ ಗಿಡ್ಡ. ಜನ ನಕ್ಕರು, ಅವರೂ ನಕ್ಕು ಪಂಚೆ ಎತ್ತಿ ಕಟ್ಟಿ ತುದಿಗೆ ನಡೆದರು. ಮತ್ತೆ ಮಾಸ್ಟ್ರು ಒಬ್ಬೊಬ್ಬರ ತಲೆಯ ಮೇಲೆ ಕೈ ಅಡ್ಡ ಹಿಡಿದು ಅಳೆದು ನಿಲ್ಲಿಸಿದರು. ಬ್ಯಾಂಕಿನ ಮ್ಯಾನೇಜರರ ಹತ್ತಿರ ಅವರಿಂದ ಸಾಲ ಸಿಗದವನು ನಿಂತ. ಜಾಗದ ತಕರಾರಿನಲ್ಲಿ ಕೋರ್ಟಿಗೆ ಹೋಗುವ ಅಣ್ಣತಮ್ಮಂದಿರು, ಒಂದೇ ಮನೆಯ ಎತ್ತರವಲ್ಲವೇ, ಒಂದೇ ಬಡಿಗೆಗೆ ಬಿದ್ದರು. ಲಾರಿಗೆ ಮರ ತುಂಬಿಸುವವರು, ಗಲ್ಫಿನಿಂದ ರಜೆಯಲ್ಲಿ ಬಂದವರು, ಬೀಡಿ ಕಟ್ಟಿಸುವ ಬ್ರಾಂಚಿನವರು. ನಾನು ಬದಿಯಲ್ಲಿ ಫೋನು ಹಿಡಿದು ಬರೆದುಕೊಳ್ಳುತ್ತಿದ್ದೆ. ಬರೆದ ಕ್ರಮ ಪ್ರತಿ ಗಳಿಗೆಗೂ ತಪ್ಪುತ್ತಿತ್ತು.

‘ಓ ಪೇಪರ್’ ಎಂದರು ಮಾಸ್ಟ್ರು. ‘ಅಷ್ಟುದ್ದ ಇದ್ದು ಅಲ್ಲೆಂತ ಮಾಡ್ತೀರಿ? ಈಚೆ ಬನ್ನಿ.’

‘ನಾನು ವರದಿಗೆ ಬಂದದ್ದು ಮಾಸ್ಟ್ರೆ.’

‘ಹೊತ್ತ ಮೇಲೆ ಬರೀರಿ. ಕೈ ಎಲ್ಲಿಗೂ ಹೋಗುದಿಲ್ಲ.’

ಬುಡದ ಕಡೆಯ ಬಡಿಗೆಯಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿ ಆಗಲೇ ನಿಂತಿದ್ದವರು ಜಗತ್ಪಾಲ ಹೆಗ್ಡೆಯವರು, ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು, ದೊಡ್ಡ ಜೈನ ಮನೆತನದವರು. ಅವರ ಹೆಸರು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ. ಅಂಗಿ ಕಳಚಿ, ಭುಜಕ್ಕೆ ಮೈ ಒರಸುವ ಬೈರಾಸು ಮಡಚಿ ಇಟ್ಟು ಕಾಯುತ್ತಿದ್ದರು. ನಾನು ಫೋನನ್ನು ಜೇಬಿಗೆ ಹಾಕಿದೆ.

ಸೀಟಿ ಕೇಳಿತು. ಮರ ಎದ್ದಿತು. ನಾವು ಎತ್ತಿದೆವು ಎಂದು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ಮೊದಲ ಕ್ಷಣ ಸೊಂಟ ಮುರಿಯುವ ಭಾರ. ಮುಂದಿನ ಹೆಜ್ಜೆಗೆ ಎಲ್ಲರ ಕಾಲು ಒಟ್ಟಿಗೆ ಬಿದ್ದದ್ದೇ, ಭಾರ ಎಲ್ಲಿಗೋ ಹೋಯಿತು. ಕಿವಿ ಮರಕ್ಕೆ ತಾಗಿತ್ತು. ಹಸಿ ಮರದ ಒಳಗಿಂದ ಅಷ್ಟೂ ಜನರ ಹೆಜ್ಜೆ ಕೇಳುತ್ತಿತ್ತು, ದೂರದ ಓಣಿಯಲ್ಲಿ ಕುದುರೆ ಸಾಲು ಹೋದ ಹಾಗೆ. ಆ ತುದಿಯಲ್ಲಿ ಯಾರೋ ಕೆಮ್ಮಿದ್ದು ಗಾಳಿಯಲ್ಲಿ ಬರಲಿಲ್ಲ, ನನ್ನ ಭುಜದ ಎಲುಬಿಗೆ ಬಂತು. ಮರ ಕೊಂಡು ಮಾರಿ ಇಷ್ಟು ವರ್ಷವಾದರೂ ಮರಕ್ಕೆ ಕಿವಿ ಕೊಟ್ಟದ್ದು ಅದೇ ಮೊದಲು.

ಏರಿನ ಅರ್ಧದಲ್ಲಿ ಮಳೆ ಬಂತು. ಹನಿ ಅಲ್ಲ, ಒಮ್ಮೆಗೇ. ಆ ವರ್ಷದ ಮೊದಲ ಮಳೆ. ತಿರುವಿನಲ್ಲಿ ಒಂದು ಬಂಡೆ, ಬುಡ ತಿರುಗಲು ಜಾಗ ಸಾಲದು. ಕೆಂಪು ಮಣ್ಣು ಕಾಲಡಿಯಲ್ಲಿ ಬೆಣ್ಣೆಯಾಯಿತು. ಮಧ್ಯದಲ್ಲಿ ಯಾರೋ ಜಾರಿದರು. ಇಡೀ ಮರ ತೋಡಿನ ಕಡೆಗೆ ಒಮ್ಮೆ ವಾಲಿತು. ನಾವು ತೋಡಿನ ಬದಿಯವರು. ಬಿಟ್ಟು ಹಾರಿದವರು ಬದುಕುತ್ತಾರೆ, ಬಿಡದವರ ಮೇಲೆ ಮರ ಬರುತ್ತದೆ. ಇದನ್ನು ನನ್ನಂಥ ಲೆಕ್ಕಾಚಾರದವನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಲೆಕ್ಕ ಹಾಕಿದ್ದೆ, ಬೇರೆಯವರೂ ಹಾಕಿರಬೇಕು. ಸೀಟಿ ಒಮ್ಮೆ ಉದ್ದಕ್ಕೆ ಕೂಗಿತು, ನಿಲ್ಲಿ ಎಂದು. ಯಾರೂ ಹಾರಲಿಲ್ಲ. ಒಬ್ಬರೂ.

ಮರವನ್ನು ನೆಲಕ್ಕೆ ತಾಗದ ಹಾಗೆ ಇಡಲು ಬೇಕಾದ ದಿಮ್ಮಿಗಳು ಇನ್ನೂ ಕೆಳಗಿದ್ದವು. ಅವನ್ನು ಕಾಯುವಂತಿರಲಿಲ್ಲ, ಹೊತ್ತುಕೊಂಡೇ ನಿಂತೆವು. ಹೆಂಗಸರು ಗೋಣಿ, ಸೊಪ್ಪು, ಹಟ್ಟಿಯ ಒಣ ಹುಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ನಮ್ಮ ಪಾದದ ಅಡಿಗೆ ತುರುಕಿದರು. ನನ್ನ ಕಾಲ ಹತ್ತಿರ ಗೋಣಿ ಒತ್ತಿದ ಕೈಯಲ್ಲಿ ಹಸಿರು ಬಳೆ ಇತ್ತು, ಮುಖ ನೋಡಲು ಕತ್ತು ತಿರುಗಲಿಲ್ಲ. ಮಳೆಯ ನೀರು ಮರದ ಮೇಲಿಂದ ಹರಿದು ಬಂದು ನಮ್ಮೆಲ್ಲರ ಬಾಯಿಗೆ ತೇಗದ ಒಗರು ಕೊಟ್ಟಿತು.

‘ಗಿರಿಯಣ್ಣ’ ಎಂದು ನನ್ನನ್ನು ಕರೆದರು ಹೆಗ್ಡೆಯವರು, ಮನೆಯ ಜಗಲಿಯಲ್ಲಿ ಕೂತು ಮಾತಾಡುವ ಅದೇ ಸ್ವರದಲ್ಲಿ. ‘ನಿಮ್ಮ ಭುಜ ಒಂಚೂರು ಮೇಲೆ ಮಾಡ್ಲಿಕ್ಕೆ ಆಗ್ತದಾ?’

‘ಆಗ್ತದೆ.’

‘ಹಾಗಾದ್ರೆ ಮಾಡಿ. ನಾನು ಇನ್ನು ಸ್ವಲ್ಪದರಲ್ಲಿ ಕೂತ್ಕೊಳ್ತೇನೆ ಅಂತ ಕಾಣ್ತದೆ.’

ಅವರು ಕೂರಲಿಲ್ಲ. ನಾನು ಭುಜ ಎತ್ತಿದೆ. ಎಲ್ಲಿಂದ ಬಂತೋ ಆ ಶಕ್ತಿ, ಅದರ ಮೂಲವನ್ನು ನಾನು ಮತ್ತೆ ಹುಡುಕಿದ್ದೇನೆ, ಸಿಕ್ಕಿಲ್ಲ. ಮರ ನಿಧಾನಕ್ಕೆ ಸರಿಯಾಗಿ ನಿಂತಿತು. ಸಣ್ಣ ಸೀಟಿ. ಹೆಜ್ಜೆ. ಮತ್ತೊಂದು ಹೆಜ್ಜೆ. ರಸ್ತೆ ಮುಟ್ಟುವಾಗ ಮಳೆ ಬಿಟ್ಟಿತ್ತು.

ರಸ್ತೆಯಿಂದ ದೊಡ್ಡ ಗಾಡಿಯ ಮೇಲೆ ಮರ ಹೊರಟಿತು. ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು, ಮೂಡುಬಿದಿರೆ. ದಾರಿಯುದ್ದಕ್ಕೂ ಜನ ಅಂಗಡಿ ಬಿಟ್ಟು, ಬಸ್ಸು ನಿಲ್ಲಿಸಿ, ಇಳಿದು ಕೈಮುಗಿದರು. ಒಂದು ಕಡೆ ಮಸೀದಿಯ ಎದುರು ಬ್ಯಾರಿಗಳು ಬಾಲ್ದಿಯಲ್ಲಿ ಬೆಲ್ಲದ ಪಾನಕ ಇಟ್ಟು ಕಾಯುತ್ತಿದ್ದರು. ದೇವಸ್ಥಾನದ ಅಂಗಳದಲ್ಲಿ ದೋಣಿಯಂಥ ಉದ್ದದ ತೊಟ್ಟಿ ಸಿದ್ಧವಿತ್ತು. ಕೆತ್ತನೆ ಮುಗಿಸಿ ಆ ಮರವನ್ನು ಮಳೆಗಾಲವಿಡೀ ಎಳ್ಳೆಣ್ಣೆಯಲ್ಲಿ ಮಲಗಿಸುವುದು ಕ್ರಮ. ಎಣ್ಣೆ ಕೊಡುವವರು ಆಗಲೇ ಕ್ಯಾನು, ಬಾಟಲಿ, ಚಿಕ್ಕ ಕುಡಿಕೆ ಹಿಡಿದು ಸಾಲಾಗಿ ಬಂದಿದ್ದರು, ಇಡೀ ಅಂಗಳ ಅದೇ ವಾಸನೆ.

ಗಾಡಿಯ ಹಿಂದೆ ಜೀಪಿನಲ್ಲಿ ಕಮಲಕ್ಕನೂ ಬಂದಿದ್ದರು. ಮರದ ಬುಡದ ಕಡೆ ನಿಂತು ಅದರ ಸುತ್ತುಗೆರೆಗಳನ್ನು ನೋಡುತ್ತಿದ್ದರು. ನಾನು ಹತ್ತಿರ ಹೋದೆ. ಭುಜದ ಅಂಗಿ ಹರಿದು, ಮೈಯೆಲ್ಲ ಮಣ್ಣು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

‘ಇತ್ತೆ ಏತ್ ಪನ್ಪರ್?’

ಈಗ ಎಷ್ಟು ಹೇಳ್ತೀರಿ. ನನ್ನ ಬಾಯಿಂದ ಒಂದು ಸಂಖ್ಯೆಯೂ ಹೊರಡಲಿಲ್ಲ. ಕಮಲಕ್ಕ ‘ಹೌದಾ’ ಎಂದರು.

ಸಂಜೆ ಅಲ್ಲಿಯೇ ಪಾಗಾರದ ಗೋಡೆ ಮೇಲೆ ಕೂತು ವರದಿ ಬರೆದೆ. ಜೀವಗಳಿಗೆ ಜಾಗ ಬಿಡಲು ಕೇಳಿಕೊಂಡದ್ದು, ಎತ್ತರದ ಪ್ರಕಾರ ನಿಂತದ್ದು, ಮಳೆಯಲ್ಲಿ ಯಾರೂ ಬಿಡದೆ ನಿಂತದ್ದು. ಬರೆದು ಕಳಿಸಿದೆ. ರಾಯರ ಫೋನು ಬಂತು.

‘ಗಿರಿಯಣ್ಣ, ಬಂತು. ಹೆಸರು ಎಲ್ಲಿ?’

‘ಹೆಸರು ಇಲ್ಲ ರಾಯರೆ.’

‘ಇಲ್ಲ ಅಂದ್ರೆ? ಯಾರೂ ಬರ್ಲಿಲ್ವಾ?’

‘ಎಲ್ಲರೂ ಬಂದಿದ್ರು.’

‘ಭಾಸ್ಕರಣ್ಣನ ಪಟ್ಟಿ ಉಂಟಲ್ಲ, ಕೆಳಗೆ ಅಂಟಿಸಿ.’

‘ಆ ಪಟ್ಟಿ ಕುರ್ಚಿಯದ್ದು. ಅಲ್ಲಿ ಕುರ್ಚಿ ಇರ್ಲಿಲ್ಲ. ಹಾಕುದಾದ್ರೆ ಎಲ್ಲರದ್ದೂ ಹಾಕ್ಬೇಕು, ಗೋಣಿ ತಂದವರದ್ದೂ. ಎಷ್ಟು ಪುಟ ಕೊಡ್ತೀರಿ?’

‘ಚರ್ಚೆ ಮಾಡ್ಬೇಡಿ ಮಾರಾಯ್ರೆ. ಪುರವಣಿ ಉಂಟು. ನಿಮ್ಮ ಅಂಕಣವೂ ಉಂಟು. ಆಲೋಚನೆ ಮಾಡಿ.’

ಆಲೋಚನೆ ಮಾಡಿದೆ. ಪಟ್ಟಿಯನ್ನು ವರದಿಯ ಕೆಳಗೆ ಅಂಟಿಸಿಯೂ ನೋಡಿದೆ. ಓದಿದೆ. ಮೊದಲ ಹೆಸರು ಜಗತ್ಪಾಲ ಹೆಗ್ಡೆಯವರದ್ದು. ಅವರ ಪಕ್ಕದಲ್ಲಿ ನಿಂತದ್ದು ನಾನು, ನಮ್ಮ ಎದುರಿನ ಬಡಿಗೆಯಲ್ಲಿ ಹೆಸರು ಗೊತ್ತಿಲ್ಲದ ಒಬ್ಬ ಹರಿದ ಬನಿಯನಿನವನು, ಏರಿನುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಅವನ ಬೆನ್ನು. ಅವನು ಹಾರಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಪಟ್ಟಿಯನ್ನು ಅಳಿಸಿದೆ. ‘ಹಾಗೆಯೇ ಹಾಕಿ’ ಎಂದು ಕಳಿಸಿ ಫೋನು ಜೇಬಿಗೆ ಹಾಕಿದೆ.

ಮರುದಿನ ಹಾಗೆಯೇ ಬಂತು. ಮಧ್ಯಾಹ್ನದೊಳಗೆ ಭಾಸ್ಕರಣ್ಣ ಪುರವಣಿಯನ್ನು ಬೇರೆ ಪೇಪರಿಗೆ ಕೊಟ್ಟರು. ಅವರ ಕೋಪದಲ್ಲಿ ತಪ್ಪಿಲ್ಲ. ತಿಂಗಳುಗಟ್ಟಲೆ ಅಂಗಡಿ ಅಂಗಡಿ ಹತ್ತಿ ಜಾಹೀರಾತು ಕೇಳಿದವರು, ಕೊಟ್ಟವರಿಗೆಲ್ಲ ನಿಮ್ಮ ಹೆಸರು ಬರುತ್ತದೆ ಎಂದು ಮಾತು ಕೊಟ್ಟವರು. ಫೋನಿನಲ್ಲಿ ಅವರು ಬೈಯಲೂ ಇಲ್ಲ. ‘ನಾನೂ ಹೊತ್ತಿದ್ದೇನೆ ಗಿರಿಯಣ್ಣ, ನೀವು ನೋಡ್ಲಿಲ್ವಾ’ ಎಂದಷ್ಟೇ ಕೇಳಿದರು. ನೋಡಿದ್ದೆ ಎಂದೆ. ಬೇರೆ ಏನು ಹೇಳುವುದು.

ರಾಯರು ಕಚೇರಿಗೆ ಕರೆದರು. ನನ್ನದೇ ಅಂಗಡಿಯ ಮೇಜಿನ ಆಚೆ ಅವರು, ಈಚೆ ನಾನು. ಮೇಜಿನ ಮೇಲೆ ಆ ದಿನದ ಪೇಪರು.

‘ಅಮ್ಮನಿಗೆ ಓದಿ ಹೇಳಿದೆ’ ಎಂದರು. ‘ಮತ್ತೊಮ್ಮೆ ಓದು ಅಂದ್ರು.’

‘ಪಟ್ಟಿ ನಿಮ್ಮ ಹತ್ತಿರವೂ ಇತ್ತಲ್ಲ ರಾಯರೆ. ನೀವೇ ಹಾಕ್ಬಹುದಿತ್ತು.’

‘ಹಾಕ್ಲಿಕ್ಕೆ ಹೊರಟದ್ದೇ. ಓದಿದ ಮೇಲೆ ಕೈ ಬರ್ಲಿಲ್ಲ.’ ಅವರು ಕನ್ನಡಕ ತೆಗೆದು ಒರಸಿದರು. ‘ಆದ್ರೆ ನಾನು ಪೇಪರ್ ನಡೆಸ್ಬೇಕಲ್ಲ. ಈ ಕೆಲಸ ಮಾಡಿದ್ದು ನಾವಿಬ್ಬರು, ಬಿಟ್ಟು ಹೋಗ್ಲಿಕ್ಕೆ ಇರುದು ಒಬ್ಬರೇ.’

ನನ್ನ ಜನ್ಮದಲ್ಲಿ ಚರ್ಚೆ ಮಾಡದೆ ಎದ್ದು ಬಂದದ್ದು ಆ ಒಂದು ಸಲ. ಬಾಗಿಲಿನವರೆಗೆ ಬಂದ ಮೇಲೆ ರಾಯರು ಸಣ್ಣ ಸ್ವರದಲ್ಲಿ, ‘ಬೈಕಿನದ್ದು ಸ್ಟಿಕ್ಕರ್ ತೆಗೀಬೇಕಾಗ್ತದೆ’ ಎಂದರು. ಮನೆಯಲ್ಲಿ ಸೀಮೆಎಣ್ಣೆ ಹಾಕಿ ಕೆರೆದೆ. ಜಯಂತಿ ಹತ್ತಿರ ನಿಂತು ನೋಡಿದಳು, ಈ ಸಲ ತಮಾಷೆ ಮಾಡಲಿಲ್ಲ. ಪೇಪರಿನ ಆ ವರದಿಯ ತುಂಡನ್ನು ಅವಳು ಆಗಲೇ ಕತ್ತರಿಸಿ ದೇವರ ಫೋಟೋದ ಹಿಂದೆ ಇಟ್ಟಿದ್ದಳು. ‘ಇದರಲ್ಲಿ ನಿಮ್ಮ ಹೆಸರು ಇಲ್ಲ ಅಂತ ಅನ್ನಿಸುದಿಲ್ಲ’ ಎಂದಳು.

ಆ ಮಳೆಗಾಲ ನೇತ್ರಾವತಿ ಹೊಳೆ ಎಂದಿನ ಹಾಗೆ ಅಂಗಡಿಯ ಹಿಂದಿನ ಮೆಟ್ಟಿಲವರೆಗೆ ಬಂದು ಹೋಯಿತು. ಕಾರ್ಯಕ್ರಮವಿಲ್ಲ, ನನಗೆ ಪೇಪರೂ ಇಲ್ಲ. ರಾಯರ ಖಾಲಿ ಪುಟದಲ್ಲಿ ಯಾರದ್ದೋ ಅಡುಗೆ ಅಂಕಣ ಬಂತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಳೆ ಜೋರಾದಾಗಲೆಲ್ಲ, ಅಲ್ಲಿ ಅದು ಎಣ್ಣೆಯಲ್ಲಿ ಮಲಗಿರುತ್ತದೆ, ನೀರಿನ ಬದಲು ಎಣ್ಣೆ ಕುಡಿಯುತ್ತಿರುತ್ತದೆ ಎಂದು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ದೀಪಾವಳಿ ಕಳೆದು ಅದನ್ನು ನಿಲ್ಲಿಸುವ ದಿನ ಹೋದೆ, ಹಿಂದಿನ ಸಾಲಿಗೆ, ನಿಂತುಕೊಂಡು ನೋಡಲು. ವೇದಿಕೆಯಿಂದ ಜಗತ್ಪಾಲ ಹೆಗ್ಡೆಯವರು ಇಳಿದು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ವರದಿಯ ಮಾತೆತ್ತಲಿಲ್ಲ. ನನ್ನ ಬಲ ಭುಜದ ಮೇಲೆ ಕೈ ಇಟ್ಟು, ‘ನೋವು ಹೋಯ್ತಾ?’ ಎಂದರು.

‘ಚಳಿಗೆ ಬರ್ತದೆ.’

‘ನನಗೂ’ ಎಂದು ಹೇಳಿ ಹಿಂದೆ ಹೋದರು.

ಕಳೆದ ವಾರ ಎಣ್ಣೆಯ ವಾಸನೆಯಲ್ಲಿ ನಿಂತು ನಾನು ತಾಮ್ರದ ಆ ಕಂಬ ನೋಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹಿರಿಯರು ಮೊಮ್ಮಗಳಿಗೆ ಹೇಳುತ್ತಿದ್ದರು, ‘ಇದನ್ನು ತರುವಾಗ ನಾನೂ ಇದ್ದೆ ಮಗಾ, ಬುಡದ ಕಡೆ.’ ಬುಡದ ಕಡೆ ಇದ್ದವರು ನಾವು, ಇವರು ಅಲ್ಲಿರಲಿಲ್ಲ. ಬೆಳ್ತಂಗಡಿಯಲ್ಲಿ, ವೇಣೂರಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ, ಆ ಮರ ಹೊತ್ತವರು ನನಗೆ ಸಿಗುತ್ತಲೇ ಇರುತ್ತಾರೆ. ಅಷ್ಟು ಜನ ನಿಲ್ಲಲು ಆ ತಗ್ಗಿನಲ್ಲಿ ಜಾಗವೇ ಇರಲಿಲ್ಲ. ಮೊದಲಿನ ನಾನಾದರೆ ತಿದ್ದುತ್ತಿದ್ದೆ. ಈಗ ಸುಮ್ಮನೆ ಕೇಳುತ್ತೇನೆ. ಹೆಸರು ಬರೆದಿದ್ದರೆ ಆ ಪಟ್ಟಿಯಲ್ಲಿ ಇದ್ದವರಷ್ಟೇ ಹೊತ್ತ ಹಾಗಾಗುತ್ತಿತ್ತು. ಬರೆಯದೆ ಇದ್ದದ್ದರಿಂದ ಆ ಮರವನ್ನು ಮೂರು ತಾಲೂಕು ಇನ್ನೂ ಹೊರುತ್ತಾ ಉಂಟು.

ಸಣ್ಣ ಪೇಪರಿಗೆ ಬರೆಯಲು ಹೊರಟವರಿಗೆ ಎರಡು ಮಾತು, ನಷ್ಟ ಮಾಡಿಕೊಂಡವನದ್ದು, ಹಾಗಾಗಿ ನಂಬಬಹುದು. ಸಂಪಾದಕರು ಅಂಕಣ ಕೊಡುತ್ತೇನೆ ಎಂದರೆ ಮೊದಲು ಒಂದು ಕಂತು ಅಚ್ಚು ಹಾಕಿಸಿಕೊಳ್ಳಿ, ಆಮೇಲೆ ಅವರ ಕೆಲಸಕ್ಕೆ ಇಳಿಯಿರಿ. ಹೆಸರಿನ ಪಟ್ಟಿಯನ್ನು ಗೌರವದಿಂದ ಕೇಳಿ ಪಡೆಯಿರಿ, ಕ್ರಮ ತಪ್ಪಿಸಬೇಡಿ, ನೂರರಲ್ಲಿ ತೊಂಬತ್ತೊಂಬತ್ತು ಸಲ ಅದನ್ನು ಹಾಕಲೇಬೇಕು, ಅದರಿಂದಲೇ ಪೇಪರು ನಡೆಯುವುದು. ಸ್ಟಿಕ್ಕರನ್ನು ಬೈಕಿಗೆ ನೇರ ಅಂಟಿಸಬೇಡಿ, ಕೆರೆದ ಮೇಲೂ ಗುರುತು ಉಳಿಯುತ್ತದೆ. ಇನ್ನು ಎಲ್ಲಾದರೂ ಭಾರ ಏಳುವ ಜಾಗಕ್ಕೆ ಹೋದರೆ, ಚಪ್ಪಲಿ ಹೊರಗೆ ಬಿಡಿ, ನಿಮ್ಮಷ್ಟೇ ಎತ್ತರದವರ ಪಕ್ಕದಲ್ಲಿ ನಿಲ್ಲಿ, ಫೋನನ್ನು ಎಡ ಜೇಬಿಗೆ ಹಾಕಿ. ಬಲ ಭುಜ ಖಾಲಿ ಇರಲಿ.